ಲವಂಗವನ್ನೂ ಆರ್‌ಡಿಎಕ್ಸನ್ನೂ ಹುಡುಕುವ ಮೂಗು

1993ರ ಮಾರ್ಚ್ 15. ಮೂರು ದಿನದ ಹಿಂದಷ್ಟೇ ಸರಣಿ ಸ್ಫೋಟಕ್ಕೆ ತತ್ತರಿಸಿದ್ದ ಮುಂಬೈ ಇನ್ನೂ ಚೇತರಿಸಿಕೊಂಡಿರಲಿಲ್ಲ. ಝವೇರಿ ಬಜಾರಿಗೆ ಕೂಗಳತೆಯ ಧಾನ್‌ಜಿ ಸ್ಟ್ರೀಟಿನಲ್ಲಿ ವಾರಸುದಾರರಿಲ್ಲದ ಒಂದು ಸ್ಕೂಟರ್ ನಿಂತಿತ್ತು. ಪೊಲೀಸರ ಜೊತೆ ಬಂದದ್ದು ಒಂದು ವರ್ಷ ಎರಡು ತಿಂಗಳ ಒಂದು ಲ್ಯಾಬ್ರಡಾರ್. ಹೆಸರು ಝಂಜೀರ್. ಅದು ಸ್ಕೂಟರನ್ನು ಮೂಸಿತು, ಸುಳಿವು ಕೊಟ್ಟಿತು. ಒಳಗೆ ಸ್ಫೋಟಕ ತುಂಬಿತ್ತು!

ಆ ಮರಿನಾಯಿ ಮುಂಬೈ ಪೊಲೀಸರ ಬಾಂಬ್ ಪತ್ತೆ ದಳ ಸೇರಿದ್ದು 1992ರ ಡಿಸೆಂಬರ್ 29ರಂದು. ಅಂದರೆ ಕೆಲಸಕ್ಕೆ ಸೇರಿ ಮೂರು ತಿಂಗಳೂ ತುಂಬಿರಲಿಲ್ಲ. ವಿದ್ಯೆ ಕಲಿತದ್ದು ಎಲ್ಲಿ ಅಂತೀರಿ? ನಮ್ಮ ಪುಣೆಯಲ್ಲೇ, ಶಿವಾಜಿನಗರದಲ್ಲಿರುವ ಸಿಐಡಿಯ ಶ್ವಾನ ತರಬೇತಿ ಕೇಂದ್ರದಲ್ಲಿ. 2000ದ ನವೆಂಬರ್ 16ರಂದು ಮೂಳೆಯ ಕ್ಯಾನ್ಸರಿನಿಂದ ಅದು ತೀರಿಕೊಂಡಾಗ ಪೊಲೀಸರು ಸಕಲ ಗೌರವದೊಂದಿಗೆ ಮಣ್ಣು ಮಾಡಿದರು. ಅದರ ಹೆಸರಿನಲ್ಲಿ ದಾಖಲಾಗಿರುವ ಲೆಕ್ಕ ಓದಿ: 3,329 ಕಿಲೋ ಆರ್‌ಡಿಎಕ್ಸ್, 600 ಡಿಟೊನೇಟರ್, 249 ಕೈಬಾಂಬ್, 6,406 ಜೀವಂತ ಗುಂಡು. ಮೂರು ಟನ್ನಿಗೂ ಮಿಕ್ಕಿದ ಸಾವನ್ನು ಒಂದು ಒದ್ದೆ ಮೂಗು ಹುಡುಕಿ ತೆಗೆದಿತ್ತು!

ಈ ಲೆಕ್ಕ ಓದಿದಂದಿನಿಂದ ನನ್ನ ತಲೆಗೆ ಹುಳ ಬಿಟ್ಟಂತಾಗಿದೆ. ಆ ಮೂಗಿನೊಳಗೆ ಏನಿದೆ? ಅದಕ್ಕೆ ಪಾಠ ಹೇಳುವುದು ಹೇಗೆ? ಹುಡುಕುತ್ತ ಹೋದ ಹಾಗೆಲ್ಲ ಒಂದೊಂದು ಬಾಗಿಲು ತೆರೆಯಿತು. ಪ್ರತಿ ಬಾಗಿಲಿನ ಹಿಂದೆಯೂ ಒಂದು ಅಚ್ಚರಿ.

ಮೊದಲನೆಯದು ಉಸಿರಿನದು. ನಾವು ಉಸಿರೆಳೆದುಕೊಂಡು ಅದೇ ದಾರಿಯಲ್ಲಿ ಹೊರಬಿಡುತ್ತೇವೆ. ಹಾಗಾಗಿ ಎದುರಿಗಿರುವ ವಾಸನೆಯನ್ನು ನಮ್ಮ ಉಸಿರೇ ಚದುರಿಸಿಬಿಡುತ್ತದೆ. ನಾಯಿಯ ಮೂಗನ್ನು ಹತ್ತಿರದಿಂದ ನೋಡಿ. ಹೊಳ್ಳೆಯ ಪಕ್ಕಕ್ಕೆ ಬಾಗಿದ ಒಂದು ಸೀಳು ಕಾಣಿಸುತ್ತದೆ. ಗಾಳಿ ಮುಂದಿನಿಂದ ಒಳಗೆ ಹೋಗುತ್ತದೆ, ಬಿಟ್ಟ ಉಸಿರು ಈ ಸೀಳಿನಿಂದ ಪಕ್ಕಕ್ಕೂ ಹಿಂದಕ್ಕೂ ಹಾರುತ್ತದೆ. ಹಾಗೆ ಹಾರುವ ಗಾಳಿ ಮುಂದಿನ ಹೊಸ ಗಾಳಿಯನ್ನು ಮೂಗಿನ ಕಡೆಗೇ ಸೆಳೆದು ತರುತ್ತದೆ! ಮೂಸುವಾಗ ಇದು ಸೆಕೆಂಡಿಗೆ ಸುಮಾರು ಐದು ಸಲ ನಡೆಯುತ್ತದೆ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗ್ಯಾರಿ ಸೆಟಲ್ಸ್ ಮತ್ತು ಬ್ರೆಂಟ್ ಕ್ರೇವನ್ ಅವರ ತಂಡ ನಾಯಿಯ ಮೂಗಿನೊಳಗಿನ ಗಾಳಿಯ ಓಟವನ್ನೇ ಕಂಪ್ಯೂಟರಿನಲ್ಲಿ ಬಿಡಿಸಿಟ್ಟಿತು. ಒಳಗೆ ಹೋದ ಗಾಳಿ ಅಲ್ಲಿ ಎರಡಾಗಿ ಒಡೆಯುತ್ತದಂತೆ. ಬಹುಪಾಲು ಶ್ವಾಸಕೋಶಕ್ಕೆ. ಶೇ 12ರಷ್ಟು ಮಾತ್ರ ಮೂಗಿನ ಹಿಂದಿನ ಒಂದು ಗುಪ್ತ ಕೋಣೆಗೆ. ಆ ಕೋಣೆಯ ಕೆಲಸ ಒಂದೇ: ವಾಸನೆ ಹಿಡಿಯುವುದು.

ಆ ಕೋಣೆಯ ಗೋಡೆಗಳಲ್ಲಿ ವಾಸನೆ ಗ್ರಹಿಸುವ ಕೋಶಗಳೆಷ್ಟು? ನಮ್ಮಲ್ಲಿ ಅಂದಾಜು 50–60 ಲಕ್ಷ. ನಾಯಿಯಲ್ಲಿ, ತಳಿಯನ್ನು ನೋಡಿಕೊಂಡು, 10 ಕೋಟಿಯಿಂದ 30 ಕೋಟಿ! ವಾಸನೆಯನ್ನು ಗುರುತಿಸುವ ಸಕ್ರಿಯ ಜೀನುಗಳು ನಮಗೆ ಸುಮಾರು 400, ಅದಕ್ಕೆ ಸುಮಾರು 800. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಫ್ಲಾರಿಡಾದ ಸಂಶೋಧಕರು ಎರಡು ನಾಯಿಗಳ ಮುಂದೆ ಬಾಳೆಹಣ್ಣಿನ ವಾಸನೆ ಕೊಡುವ ಅಮೈಲ್ ಅಸಿಟೇಟ್ ಇಟ್ಟು ಕಡಿಮೆ ಮಾಡುತ್ತ ಹೋದರು. ಒಂದು ಲಕ್ಷ ಕೋಟಿ ಭಾಗ ಗಾಳಿಯಲ್ಲಿ ಒಂದೆರಡು ಭಾಗ ಉಳಿಯುವ ತನಕ ನಾಯಿಗಳು ಅದನ್ನು ಹಿಡಿಯುತ್ತಲೇ ಇದ್ದವು. ಲಕ್ಷ ಕೋಟಿ! ಸರ್ಕಾರದ ಬಜೆಟ್ಟಿನಲ್ಲಿ ಬಿಟ್ಟರೆ ನಾವು ಆ ಸಂಖ್ಯೆಯ ಹೆಸರೆತ್ತುವುದೂ ಇಲ್ಲ.

2022ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಾಯಿಗಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ ಇನ್ನೊಂದು ಸಂಗತಿ ಬಯಲಾಯಿತು. ವಾಸನೆಯ ಕೇಂದ್ರದಿಂದ ಒಂದು ದಪ್ಪ ನರದ ಎಳೆ ನೇರವಾಗಿ ದೃಷ್ಟಿಯ ಭಾಗಕ್ಕೆ ಹೋಗಿತ್ತು. ಮೂಗಿಗೂ ಕಣ್ಣಿಗೂ ಮಿದುಳಿನಲ್ಲೇ ಸಂಬಂಧ! ಮೂಸುತ್ತ ನಿಂತ ನಾಯಿ ಆ ಜಾಗದ ನಕ್ಷೆಯನ್ನೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿದ್ದರೂ ಆಶ್ಚರ್ಯವಿಲ್ಲ.

ಇನ್ನು ಆರ್‌ಡಿಎಕ್ಸ್‌ನ ಕಥೆ ಕೇಳಿ. ಅದು ಸುಲಭಕ್ಕೆ ಆವಿಯಾಗುವ ವಸ್ತುವೇ ಅಲ್ಲ. ಸಾಧಾರಣ ಉಷ್ಣಾಂಶದಲ್ಲಿ ಅದರ ಆವಿ ಗಾಳಿಯಲ್ಲಿ ಲಕ್ಷ ಕೋಟಿಗೆ ಬೆರಳೆಣಿಕೆಯ ಭಾಗವಷ್ಟೇ. ಹಾಗಾದರೆ ನಾಯಿ ಮೂಸುವುದು ಏನನ್ನು? ಎಷ್ಟೋ ಸಲ ಅದರ ಜೊತೆಗಾರರನ್ನು. ಆರ್‌ಡಿಎಕ್ಸ್ ತಯಾರಿಕೆಯಲ್ಲಿ ಬಳಸುವ ಸೈಕ್ಲೋಹೆಕ್ಸನೋನ್ ಎಂಬ ದ್ರಾವಕ, ಅದನ್ನು ಮೆದುವಾಗಿಸಲು ಸೇರಿಸುವ ರಾಸಾಯನಿಕ, ಇವು ಲೀಲಾಜಾಲವಾಗಿ ಗಾಳಿಗೆ ಬರುತ್ತವೆ. ಕೊಕೇನ್ ಹುಡುಕುವ ನಾಯಿಯೂ ಹಾಗೆಯೇ. ತೇವ ತಾಗಿದ ಕೊಕೇನಿನಿಂದ ಹೊಮ್ಮುವ ಮೀಥೈಲ್ ಬೆಂಜೊಯೇಟನ್ನು ಅದು ಗುರುತು ಹಿಡಿಯುತ್ತದೆ. ಇದೇ ಪುಣೆಯ ಸುತಾರವಾಡಿಯಲ್ಲಿ ಡಿಆರ್‌ಡಿಒದ ಎಚ್‌ಇಎಂಆರ್‌ಎಲ್ ಪ್ರಯೋಗಾಲಯವಿದೆ. ಅಲ್ಲಿನ ವಿಜ್ಞಾನಿಗಳು ರೂಪಿಸಿದ ಸ್ಫೋಟಕ ಪತ್ತೆ ಕಿಟ್‌ನಲ್ಲಿ ಅನುಮಾನದ ಪುಡಿಗೆ ಒಂದೆರಡು ಹನಿ ಹಾಕಿದರೆ ಬಣ್ಣ ಬದಲಾಗಿ ಅದು ಯಾವ ಸ್ಫೋಟಕವೆಂದು ತಿಳಿಯುತ್ತದೆ. ಅದ್ಭುತವೇ. ಆದರೆ ಹನಿ ಹಾಕಲು ಮೊದಲು ಪುಡಿ ಕೈಗೆ ಸಿಗಬೇಕಲ್ಲ! ಎಲ್ಲಿದೆ ಎಂದು ತೋರಿಸುವುದಕ್ಕೆ ನಾಲ್ಕು ಕಾಲಿನ ಈ ಜೀವವೇ ಬೇಕು. ಒಂದೇ ಊರಿನಲ್ಲಿ, ಒಂದು ಕಡೆ ರಸಾಯನಶಾಸ್ತ್ರ, ಇನ್ನೊಂದು ಕಡೆ ಮೂಗು.

ಇಲ್ಲಿಂದ ಮುಂದಿನದು ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ ಭಾಗ. ನಾಯಿಗೆ ಮೂಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅದು ಹುಟ್ಟಿನಿಂದ ಬಂದದ್ದು. ಕಲಿಸಬೇಕಾದ್ದು ಒಂದೇ ಮಾತು: ಜಗತ್ತಿನ ಸಾವಿರಾರು ವಾಸನೆಗಳಲ್ಲಿ ನನಗೆ ಬೇಕಾದ್ದು ಇದು. ಪೊಲೀಸ್ ನಾಯಿಗೂ ಮನೆಯ ನಾಯಿಗೂ ಈ ಪಾಠದ ಒಳಗುಟ್ಟು ಒಂದೇ. ಪೊಲೀಸ್ ನಾಯಿ ಸ್ಫೋಟಕ, ಮಾದಕವಸ್ತು ಹುಡುಕುತ್ತದೆ. ಅದೇ ವಿದ್ಯೆ ಹೊರದೇಶಗಳಲ್ಲಿ ನೋಸ್‌ವರ್ಕ್ ಎಂಬ ಆಟವಾಗಿ ಬೆಳೆದಿದೆ. ಪೊಲೀಸ್ ನಾಯಿಗಳ ಕೆಲಸ ನೋಡಿ ಕ್ಯಾಲಿಫೋರ್ನಿಯಾದ ಮೂವರು ತರಬೇತುದಾರರು 2006ರ ಹೊತ್ತಿಗೆ ಅದನ್ನು ಸಾಕುನಾಯಿಗಳಿಗೆ ಒಗ್ಗಿಸಿದರು. ಅಮೆರಿಕನ್ ಕೆನಲ್ ಕ್ಲಬ್ 2017ರಲ್ಲಿ ತನ್ನದೇ ಸ್ಪರ್ಧೆ ಶುರು ಮಾಡಿತು. ಅಲ್ಲಿ ಬಾಂಬಿನ ಬದಲು ನಾಲ್ಕು ಎಣ್ಣೆಗಳ ವಾಸನೆ: ಬರ್ಚ್, ಆನಿಸ್, ಸೈಪ್ರೆಸ್, ಮತ್ತು ನಮ್ಮ ಒಗ್ಗರಣೆ ಡಬ್ಬಿಯಲ್ಲೇ ಇರುವ ಲವಂಗ!

ಕ್ರಮ ಹೀಗಿದೆ. ಮೊದಲು ಖುಷಿ ಬರಬೇಕು. ಸಾಲಾಗಿಟ್ಟ ರಟ್ಟಿನ ಡಬ್ಬಿಗಳಲ್ಲಿ ಒಂದರೊಳಗೆ ತಿಂಡಿ ಇಟ್ಟು ನಾಯಿಯನ್ನು ಬಿಡುತ್ತಾರೆ. ಹುಡುಕಿದರೆ ಸಿಗುತ್ತದೆ ಎಂಬ ನಂಬಿಕೆ ಬಲಿಯುವ ತನಕ ಇದೇ ಆಟ. ಪೊಲೀಸ್ ತರಬೇತಿಯಲ್ಲಿ ತಿಂಡಿಯ ಜಾಗಕ್ಕೆ ಹೆಚ್ಚಾಗಿ ಚೆಂಡು ಬರುತ್ತದೆ. ಚೆಂಡೆಂದರೆ ಪ್ರಾಣ ಬಿಡುವ ಮರಿಯನ್ನೇ ಈ ಕೆಲಸಕ್ಕೆ ಆರಿಸುವುದು. ನಂತರ ತಿಂಡಿಯ ಪಕ್ಕದಲ್ಲಿ ಗುರಿಯ ವಾಸನೆ. ಹತ್ತಿ ಸುತ್ತಿದ ಕಡ್ಡಿಗೆ ಎಣ್ಣೆಯ ವಾಸನೆ ಹಿಡಿಸಿ, ತೂತಿರುವ ಪುಟ್ಟ ಡಬ್ಬಿಯಲ್ಲಿಟ್ಟು, ನಾಯಿಯ ನಾಲಿಗೆಗೆ ತಾಗದಂತೆ ಮುಚ್ಚುತ್ತಾರೆ. ಕೆಲವು ದಿನ ಕಳೆದ ಮೇಲೆ ತಿಂಡಿ ಮಾಯವಾಗುತ್ತದೆ, ವಾಸನೆ ಮಾತ್ರ ಉಳಿಯುತ್ತದೆ. ನಾಯಿ ಅಲ್ಲಿಗೆ ಬಂದು ನಿಂತ ಕೂಡಲೇ, ಆ ಜಾಗದಲ್ಲೇ, ತಡಮಾಡದೆ ಇನಾಮು. ಎರಡು ಹೆಜ್ಜೆ ಆಚೆ ಕೊಟ್ಟರೆ ಪಾಠ ಕೆಟ್ಟಿತು. ಇನಾಮು ಸಿಕ್ಕ ಜಾಗವೇ ಅದಕ್ಕೆ ಅರ್ಥ.

ಮುಂದಿನದು ಜರಡಿ ಹಿಡಿಯುವ ಹಂತ. ವಾಸನೆ ಬಚ್ಚಿಡುವವರು ಹಾಕಿಕೊಂಡ ಕೈಗವಸಿಗೂ ವಾಸನೆ ಇದೆ. ಅಂಟಿಸಿದ ಟೇಪಿಗೂ ಇದೆ. ಎಚ್ಚರ ತಪ್ಪಿದರೆ ನಾಯಿ ಸ್ಫೋಟಕವನ್ನು ಬಿಟ್ಟು ಕೈಗವಸನ್ನೇ ಹುಡುಕಲು ಕಲಿತುಬಿಡುತ್ತದೆ! ಅದಕ್ಕೇ ಖಾಲಿ ಡಬ್ಬಿಗಳಲ್ಲೂ ಅದೇ ಕೈಗವಸು, ಅದೇ ಟೇಪು ಇಡುತ್ತಾರೆ. ಒಂದೊಂದು ವಾಸನೆಯನ್ನೂ ಬೇರೆ ಬೇರೆ ಗಾಜಿನ ಬಾಟಲಿಯಲ್ಲಿ ಕಾಪಾಡುತ್ತಾರೆ. ಪ್ಲಾಸ್ಟಿಕ್ ವಾಸನೆಯನ್ನು ಹೀರಿಕೊಂಡು ಒಂದಕ್ಕೊಂದು ಬೆರೆಸಿಬಿಡುತ್ತದೆ. ತಿಂಡಿ, ಆಟಿಕೆ, ಇನ್ನೊಂದು ನಾಯಿ ಬಿಟ್ಟುಹೋದ ಗುರುತು, ಎಲ್ಲ ಸೆಳೆತಗಳ ನಡುವೆಯೂ ಬೇಕಾದ್ದನ್ನಷ್ಟೇ ಹೇಳಬೇಕು. ಹೇಳುವ ರೀತಿಯೂ ನಿಗದಿಯಾಗಿರಬೇಕು. ಸ್ಫೋಟಕದ ನಾಯಿ ಕೆರೆಯುವಂತಿಲ್ಲ, ಬೊಗಳುವಂತಿಲ್ಲ. ಸುಮ್ಮನೆ ಕೂತುಬಿಡಬೇಕು. ಆ ಕೂರುವಿಕೆಯಲ್ಲಿ ಎಷ್ಟು ಜನರ ಪ್ರಾಣ!

ಪುಣೆಯ ಕೋಥ್ರೂಡಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಇದನ್ನು ಕಣ್ಣಾರೆ ಕಂಡೆ. ಅವಳ ಗುಂಡ ಬೀದಿಯಿಂದ ಬಂದವನು, ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡಿದೆ. ನಡುಮನೆಯಲ್ಲಿ ರಟ್ಟಿನ ಡಬ್ಬಿಗಳ ಸಾಲು. ಒಂದರೊಳಗೆ ಲವಂಗದ ಕಡ್ಡಿ.

"ಹುಡುಕೋ ಗುಂಡ!" ಅಂದಳು ಅಕ್ಕ.

ಅವನು ಮೊದಲ ಡಬ್ಬಿ ದಾಟಿದ, ಎರಡನೆಯದನ್ನು ದಾಟಿದ. ಮೂರನೆಯದನ್ನು ದಾಟಿ ಒಂದು ಹೆಜ್ಜೆ ಮುಂದಿಟ್ಟವನು ಕುತ್ತಿಗೆಯನ್ನು ಸರಕ್ಕನೆ ಹಿಂದಕ್ಕೆ ತಿರುಗಿಸಿದ, ದೇಹ ಇನ್ನೂ ಮುಂದಕ್ಕೇ ಹೋಗುತ್ತಿತ್ತು! ಬಾಯಿ ಮುಚ್ಚಿಕೊಂಡಿತು. ಅಲ್ಲಿಯ ತನಕ ಕೇಳದಿದ್ದ ಸದ್ದು ಕೇಳಿಸಿತು, ಸುಸ್ ಸುಸ್ ಸುಸ್ ಎಂದು ಬಿಡುವಿಲ್ಲದ ಉಸಿರು. ಬೀಸುತ್ತಿದ್ದ ಬಾಲ ಗಟ್ಟಿಯಾಗಿ ನಿಂತಿತು. ಡಬ್ಬಿಯ ಎಡ ಅಂಚು, ಬಲ ಅಂಚು, ಮತ್ತೆ ನಡು. ಮೂಗನ್ನು ಅಲ್ಲಿಗೇ ಒತ್ತಿ ಅಕ್ಕನ ಮುಖ ನೋಡಿದ.

"ಶಹಬ್ಬಾಸ್!" ತಿಂಡಿ ಡಬ್ಬಿಯ ಮೇಲೇ ಬಿತ್ತು.

ನಾನು ಖುಷಿಯಿಂದ ಹತ್ತಿರ ಹೋಗಲು ನೋಡಿದೆ. ಅಕ್ಕ ತಡೆದಳು. "ನೀನು ಅಲ್ಲೇ ನಿಲ್ಲು. ಡಬ್ಬಿ ಕಡೆ ನೋಡ್ಬೇಡ. ನಿನ್ನ ಮುಖ ನೋಡಿನೇ ಅವನು ಅರ್ಧ ಉತ್ತರ ಕಂಡುಹಿಡೀತಾನೆ."

ಅಕ್ಕನ ಈ ಮಾತಿನ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿನ ಲಿಸಾ ಲಿಟ್ ಮತ್ತು ಸಂಗಡಿಗರು 18 ಪತ್ತೇದಾರಿ ನಾಯಿಗಳನ್ನೂ ಅವುಗಳನ್ನು ನಡೆಸುವ ಹ್ಯಾಂಡ್ಲರುಗಳನ್ನೂ ಒಂದು ಚರ್ಚಿನೊಳಗೆ ಕಳುಹಿಸಿದರು. ಗುರಿಯ ವಾಸನೆ ಇರಬಹುದು, ಕೆಲವೆಡೆ ಕೆಂಪು ಕಾಗದ ಗುರುತಾಗಿರುತ್ತದೆ ಎಂದು ಹ್ಯಾಂಡ್ಲರುಗಳಿಗೆ ಹೇಳಲಾಗಿತ್ತು. ನಿಜವಾಗಿ ಅಲ್ಲಿ ಯಾವ ಗುರಿವಾಸನೆಯೂ ಇರಲಿಲ್ಲ. ಆದರೂ ಹೆಚ್ಚಿನ ಹುಡುಕಾಟಗಳಲ್ಲಿ ನಾಯಿ ಸುಳಿವು ಕೊಟ್ಟಿತೆಂದು ಹ್ಯಾಂಡ್ಲರುಗಳು ವರದಿ ಮಾಡಿದರು. ಮನುಷ್ಯನ ನಂಬಿಕೆ ಹಗ್ಗದ ಮೂಲಕ ಇಳಿದಿತ್ತು! ಅದಕ್ಕೇ ಒಳ್ಳೆಯ ತರಬೇತಿಯಲ್ಲಿ ವಾಸನೆ ಎಲ್ಲಿದೆಯೆಂದು ಹ್ಯಾಂಡ್ಲರಿಗೂ ಗೊತ್ತಿರುವುದಿಲ್ಲ. ನೋಡುತ್ತ ನಿಂತವರಿಗೂ ಗೊತ್ತಿರಬಾರದು. ಕೆಲವೊಮ್ಮೆ ಏನನ್ನೂ ಇಡದೆ ಖಾಲಿ ಕೋಣೆ ಹುಡುಕಿಸುತ್ತಾರೆ. ಇಲ್ಲ ಎಂದು ಹೇಳುವ ಧೈರ್ಯವೂ ನಾಯಿಗೆ ಬರಬೇಕು, ಆ ಮಾತನ್ನು ನಂಬುವ ಧೈರ್ಯ ನಮಗೆ ಬರಬೇಕು.

ನೋಸ್‌ವರ್ಕ್ ಸ್ಪರ್ಧೆಯಲ್ಲಿ ಉಸಿರು ಬಿಗಿಹಿಡಿಯುವ ಗಳಿಗೆಯೂ ಇಲ್ಲೇ ಹುಟ್ಟುತ್ತದೆ. ಗಡಿಯಾರ ಓಡುತ್ತಿರುತ್ತದೆ. ನಾಯಿ ಒಂದು ಕಡೆ ನಿಂತು ಮೂಗೊತ್ತುತ್ತದೆ. ಹ್ಯಾಂಡ್ಲರ್ "ಅಲರ್ಟ್" ಎಂದು ಕೂಗಬೇಕು. ತೀರ್ಪುಗಾರರು ಹೌದು ಅಥವಾ ಇಲ್ಲ ಎನ್ನುತ್ತಾರೆ. ಮೇಲಿನ ಹಂತಗಳಲ್ಲಿ ಎಷ್ಟು ಕಡೆ ಬಚ್ಚಿಟ್ಟಿದ್ದಾರೆ ಎಂಬುದನ್ನೇ ಹೇಳುವುದಿಲ್ಲ. ಇನ್ನೂ ಇದೆಯೋ ಮುಗಿಯಿತೋ ಎಂದು ನಾಯಿಯ ಬೆನ್ನು, ಬಾಲ, ಉಸಿರು ನೋಡಿಯೇ ತೀರ್ಮಾನಿಸಬೇಕು. ನಮ್ಮಲ್ಲಿ ಅಖಿಲ ಭಾರತ ಪೊಲೀಸ್ ಕರ್ತವ್ಯ ಕೂಟದಲ್ಲಿ ಬೇರೆ ಬೇರೆ ರಾಜ್ಯಗಳ ಶ್ವಾನದಳಗಳು ಜಾಡು ಹಿಡಿಯುವುದು, ಸ್ಫೋಟಕ ಪತ್ತೆ, ಮಾದಕವಸ್ತು ಪತ್ತೆ ಎಂದು ವಿಭಾಗವಾರು ಪೈಪೋಟಿಗೆ ಇಳಿಯುತ್ತವೆ. ಪದಕ ಬರುವುದು ನಾಯಿ ಮತ್ತು ಹ್ಯಾಂಡ್ಲರ್ ಇಬ್ಬರಿಗೂ ಸೇರಿ, ಏಕೆಂದರೆ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಮಾತು ಪೂರ್ತಿಯಾಗುವುದಿಲ್ಲ.

ವಾಸನೆ ಇಟ್ಟಲ್ಲೇ ಇರುವುದಿಲ್ಲ ಎನ್ನುವುದು ಈ ಆಟದ ಇನ್ನೊಂದು ಮಾಯೆ. ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿ ನೋಡಿ. ಹೊಗೆ ಮೇಲೇರುತ್ತದೆ, ಫ್ಯಾನಿನ ಗಾಳಿಗೆ ಮುರಿಯುತ್ತದೆ, ಮೂಲೆಯಲ್ಲಿ ಕೂಡಿಕೊಳ್ಳುತ್ತದೆ, ಬಾಗಿಲ ಸಂದಿಯಿಂದ ಜಾರಿಹೋಗುತ್ತದೆ. ಬಚ್ಚಿಟ್ಟ ವಾಸನೆಯೂ ಹೀಗೆಯೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಗೋಡೆಯ ಮೂಲೆಯಲ್ಲಿ ವಾಸನೆ ದಟ್ಟವಾಗಿದ್ದರೂ ಅದರ ಮೂಲ ಎದುರಿನ ಮೇಜಿನಡಿ ಇರಬಹುದು. ಪಳಗಿದ ನಾಯಿ ಮೂಲೆಗೆ ಮೋಸಹೋಗದೆ, ಎಲ್ಲಿ ತೆಳುವಾಗುತ್ತದೆ ಎಲ್ಲಿ ಗಟ್ಟಿಯಾಗುತ್ತದೆ ಎಂದು ಅಡ್ಡಾಡಿ ಅಳೆದು ಮೂಲಕ್ಕೆ ಬರುತ್ತದೆ. ಹಾಗಾಗಿ ತರಬೇತಿಯಲ್ಲಿ ಒಂದು ದಿನ ನೆಲದ ಮಟ್ಟ, ಇನ್ನೊಂದು ದಿನ ತಲೆಯ ಮೇಲೆ, ಒಂದು ದಿನ ಕಾರಿನ ಚಕ್ರದ ಸಂದಿ, ಇನ್ನೊಂದು ದಿನ ಇಟ್ಟು ಗಂಟೆಗಳಾದ ಮೇಲೆ ಹುಡುಕಾಟ.

ಪುಣೆಯ ಹವೆಯೂ ಈ ಪಾಠದಲ್ಲಿ ಒಬ್ಬ ಮೇಷ್ಟರು. ಏಪ್ರಿಲ್–ಮೇ ಬಿಸಿಲಿನಲ್ಲಿ ನಾಯಿ ನಾಲಿಗೆ ಚಾಚಿ ಏದುಸಿರು ಬಿಡುತ್ತದೆ. ಏದುಸಿರು ಹೆಚ್ಚಿದಂತೆ ಪತ್ತೆಯ ಸಾಮರ್ಥ್ಯ ಇಳಿಯುತ್ತದೆ ಎಂದು ಇಸ್ರೇಲಿನ ಸಂಶೋಧಕರಾದ ಗಾಜಿತ್ ಮತ್ತು ಟರ್ಕೆಲ್ ಸ್ಫೋಟಕದ ನಾಯಿಗಳಲ್ಲೇ 2003ರಲ್ಲಿ ತೋರಿಸಿಕೊಟ್ಟರು. ಬೇಸಿಗೆಯಲ್ಲಿ ಬೆಳಗಿನ ತಂಪೇ ಗತಿ. ಗಣೇಶೋತ್ಸವ ಬಂತೆಂದರೆ ಇನ್ನೊಂದು ಪರೀಕ್ಷೆ. ಮಂಟಪದ ಸುತ್ತ ಹೂವು, ಧೂಪ, ಕರ್ಪೂರ, ಮೋದಕ, ಜನರ ಬೆವರು, ಜನರೇಟರಿನ ಡೀಸೆಲ್. ಆ ವಾಸನೆಯ ಸಮುದ್ರದೊಳಗೆ ಶ್ವಾನದಳದ ನಾಯಿ ಮೂಗು ತೂರಿಸಿ ಒಂದೇ ಒಂದು ಎಳೆಗಾಗಿ ಹುಡುಕುತ್ತದೆ. 2010ರ ಫೆಬ್ರುವರಿ 13ರ ಸಂಜೆ ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ ಬಿಟ್ಟುಹೋದ ಒಂದು ಚೀಲ ಸಿಡಿದು 17 ಜೀವ ಹೋದ ಊರು ಇದು. ಆ ಹುಡುಕಾಟದ ಬೆಲೆ ಪುಣೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜಾಡು ಹಿಡಿಯುವ ನಾಯಿಗಳದ್ದು ಬೇರೆಯೇ ಪವಾಡ. 2020ರಲ್ಲಿ ದಾವಣಗೆರೆಯ ಪೊಲೀಸ್ ಶ್ವಾನ ತುಂಗಾ, ಒಂದು ಕೊಲೆ ಪ್ರಕರಣದ ಜಾಡು ಹಿಡಿದು ಹತ್ತು ಕಿಲೋಮೀಟರಿಗೂ ಮಿಕ್ಕಿ ಓಡಿ ಆರೋಪಿಯ ಸುಳಿವು ಕೊಟ್ಟದ್ದು ನಮಗೆಲ್ಲ ನೆನಪಿದೆ. ಬಂಡೀಪುರದ ಕಾಡಿನಲ್ಲಿ ರಾಣಾ ಎಂಬ ಜರ್ಮನ್ ಶೆಫರ್ಡ್ ಬೇಟೆಗಾರರ ಬೆನ್ನು ಹತ್ತುತ್ತಿತ್ತು, ಹುಲಿಯ ಜಾಡನ್ನೂ ತೋರಿಸುತ್ತಿತ್ತು. ಆದರೆ ನೆಲದ ಮೇಲಿನ ಜಾಡು ಸಿಕ್ಕರೆ ಸಾಕೆ? ಮನುಷ್ಯ ಯಾವ ಕಡೆಗೆ ಹೋದ ಎಂದು ತಿಳಿಯುವುದು ಹೇಗೆ? ಬೆಲ್‌ಫಾಸ್ಟಿನ ಸಂಶೋಧಕರಾದ ಪೀಟರ್ ಹೆಪ್ಪರ್ ಮತ್ತು ಡೆಬೊರಾ ವೆಲ್ಸ್ 2005ರಲ್ಲಿ ಇದನ್ನೇ ಪರೀಕ್ಷಿಸಿದರು. ನಾಯಿಗೆ ಐದು ಹೆಜ್ಜೆ ಸಾಕಾಯಿತು! ಮೊದಲ ಹೆಜ್ಜೆಗೂ ಐದನೆಯದಕ್ಕೂ ನಡುವೆ ಕೆಲವೇ ಸೆಕೆಂಡುಗಳ ಅಂತರ. ಅಷ್ಟರಲ್ಲಿ ವಾಸನೆ ಹಳತಾದ ಪ್ರಮಾಣವನ್ನು ಅಳೆದು ನಾಯಿ ದಿಕ್ಕು ಹೇಳಿತು. ಕಾಲವನ್ನು ಮೂಗಿನಿಂದ ಓದುವ ಪ್ರಾಣಿಯ ಜೊತೆ ನಾವು ಒಂದೇ ಸೂರಿನಡಿ ಬದುಕುತ್ತಿದ್ದೇವೆ!

ಮೂಗಿನ ಸೀಮೆ ಇಲ್ಲಿಗೂ ಮುಗಿಯುವುದಿಲ್ಲ. 2021ರಲ್ಲಿ ನಮ್ಮ ಸೇನೆ ಮೀರತ್‌ನಲ್ಲಿ ಪಳಗಿಸಿದ ಕ್ಯಾಸ್ಪರ್ ಎಂಬ ಕಾಕರ್ ಸ್ಪೇನಿಯಲ್ ಮತ್ತು ಜಯಾ ಎಂಬ ಚಿಪ್ಪಿಪಾರೈ ತಳಿಯ ನಾಯಿಯನ್ನು ಕೋವಿಡ್ ಪತ್ತೆಗೆ ಇಳಿಸಿ ಲೋಕಕ್ಕೆ ತೋರಿಸಿತು. ಕ್ಯಾಸ್ಪರ್ ಪರದೇಶದ ತಳಿ, ಜಯಾ ತಮಿಳುನಾಡಿನ ನೆಲದ ಕುಡಿ.

ಈ ವಿದ್ಯೆ ನಾಯಿಗೇನು ಕೊಡುತ್ತದೆ? 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಷಾರ್ಲೆಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಸಾಕುನಾಯಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ವಾರ ಮೂಗಿನ ಆಟ, ಇನ್ನೊಂದಕ್ಕೆ ಒಡೆಯನ ಪಕ್ಕದಲ್ಲೇ ನಡೆಯುವ ಶಿಸ್ತಿನ ಪಾಠ. ಎರಡೂ ಗುಂಪಿಗೂ ತಿಂಡಿಯ ಇನಾಮು ಇತ್ತು. ಮುಂದೆ, ತಿಂಡಿ ಇದೆಯೋ ಇಲ್ಲವೋ ಗೊತ್ತಾಗದ ಜಾಗದಲ್ಲಿ ಒಂದು ಬಟ್ಟಲು ಇಟ್ಟು ನೋಡಿದಾಗ, ಮೂಗಿನ ಆಟ ಆಡಿದ ನಾಯಿಗಳು ಮೊದಲಿಗಿಂತ ಬೇಗ ಅದರ ಕಡೆಗೆ ಹೋದವು. ಅಂದರೆ ಒಳ್ಳೆಯದೇ ಆಗುತ್ತದೆಂಬ ಭರವಸೆ ಅವುಗಳಲ್ಲಿ ಹೆಚ್ಚಿತ್ತು. ಸ್ವಂತ ಬುದ್ಧಿಯಿಂದ ಹುಡುಕಿ ಗೆದ್ದ ಜೀವಕ್ಕೆ ಬದುಕಿನ ಮೇಲೆ ವಿಶ್ವಾಸ ಬರುತ್ತದೆ.

ಇದನ್ನೆಲ್ಲ ತಿಳಿದ ಮೇಲೆ ನನಗೊಂದು ಆಸೆ ಹುಟ್ಟಿದೆ, ಅದನ್ನು ಮುಚ್ಚಿಡಲಾರೆ. ಝಂಜೀರ್‌ನನ್ನು ಪಳಗಿಸಿದ ಕೇಂದ್ರ ಪುಣೆಯಲ್ಲಿದೆ. ಸ್ಫೋಟಕದ ಅಣುಅಣುವನ್ನು ಬಲ್ಲ ಪ್ರಯೋಗಾಲಯ ಪುಣೆಯಲ್ಲಿದೆ. ಚಳಿಗಾಲದ ಬೆಳಗಿನ ತಂಪು ಇದೆ, ಗಲ್ಲಿಗಲ್ಲಿಯಲ್ಲಿ ನಾಯಿ ಸಾಕಿದ ಮನೆಗಳಿವೆ, ಆ ಮನೆಗಳಲ್ಲಿ ಗುಂಡನಂಥ ಬೀದಿಯ ಮಕ್ಕಳೂ ಇದ್ದಾರೆ. ಈ ಆಟಕ್ಕೆ ತಳಿ ಬೇಡ, ವಯಸ್ಸಿನ ಹಂಗಿಲ್ಲ. ಮೂರು ಕಾಲಿನ ನಾಯಿ ಆಡಬಹುದು, ಕಣ್ಣು ಮಂಜಾದ ಮುದಿನಾಯಿಯೂ ಆಡಬಹುದು. ಬೇಕಾದ್ದು ನಾಲ್ಕಾರು ರಟ್ಟಿನ ಡಬ್ಬಿ, ಒಂದು ಹಿಡಿ ತಿಂಡಿ, ಮತ್ತೆ ನಾಯಿ ಹೇಳುವುದನ್ನು ಕೇಳುವ ತಾಳ್ಮೆ. ಶಿವಾಜಿನಗರದ ಆ ವಿದ್ಯೆ ಹೌಸಿಂಗ್ ಸೊಸೈಟಿಗಳ ಅಂಗಳಕ್ಕೆ ಇಳಿದು ಬರಲಿ. ಭಾನುವಾರದ ಬೆಳಿಗ್ಗೆ ಮಕ್ಕಳು ಸಾಲಾಗಿ ಡಬ್ಬಿ ಜೋಡಿಸಲಿ, ಮುಧೋಳವೂ ಲ್ಯಾಬ್ರಡಾರೂ ಬೀದಿನಾಯಿಯೂ ಒಂದೇ ಅಂಗಳದಲ್ಲಿ ಪೈಪೋಟಿಗೆ ನಿಲ್ಲಲಿ. ಲಕ್ಷ ಕೋಟಿಯಲ್ಲೊಂದನ್ನು ಆರಿಸಬಲ್ಲ ಮೂಗು ಅಷ್ಟೂ ಮನೆಗಳಲ್ಲಿ ಈಗಾಗಲೇ ಇದೆ. ನಿಮ್ಮ ಮನೆಯದಕ್ಕೆ ಇವತ್ತೇ ಮೊದಲ ಪಾಠ ಶುರುಮಾಡಿ!